ಮಂಜಿಯನ್ನು ಒಣಗಿಸಿದ ಸೆಪ್ಟೆಂಬರ್

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಹಳೆಯ ಮನೆಯನ್ನು ಕೆಡವಿ ನಾಲ್ಕು ಮಹಡಿ ಏಳಿಸುತ್ತಿದ್ದಾರೆ. ಕಳೆದ ಮೇ ತಿಂಗಳಲ್ಲಿ ಒಂದು ಸಂಜೆ ಸುರಿದ ಮಳೆಗೆ ಅವರ ಪಾಯದ ಗುಂಡಿ ತುಂಬಿ, ಹೊದಿಸಿದ್ದ ಟಾರ್ಪಾಲು ಹಾರಿ, ಸಿಮೆಂಟ್ ಚೀಲಗಳೆಲ್ಲ ನೆನೆದುಹೋದವು. ಮರುದಿನ ಬೆಳಿಗ್ಗೆ ಹಾಲು ತರಲೆಂದು ಗೇಟು ತೆಗೆದೆ. ಡೀಸೆಲ್ ಪಂಪು ಹಚ್ಚಿ ಗುಂಡಿಯ ನೀರನ್ನು ರಸ್ತೆಗೆ ಬಿಡುತ್ತಿದ್ದರು. ನೆನೆದ ಸಿಮೆಂಟಿಗೆ ಒಂದು ವಾಸನೆಯಿದೆ. ಸುಣ್ಣದ ವಾಸನೆಯಂಥದ್ದೇ, ಆದರೆ ಅದಕ್ಕಿಂತ ತಣ್ಣಗಿನದು. ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತದೆ. ಅದರ ಜೊತೆ ಡೀಸೆಲ್ ಹೊಗೆ ಸೇರಿತ್ತು. ಅಷ್ಟರಲ್ಲಿ ಪಂಪಿನ ಸದ್ದು ಬದಲಾಯಿತು. ಒಂದೇ ಸಮನೆ ಬಡಿಯುತ್ತಿದ್ದದ್ದು ಗೊರಗೊರ ಎಂದು, ಉಸಿರು ಸಿಕ್ಕಿಕೊಂಡವರ ಹಾಗೆ ಎಳೆಯತೊಡಗಿತು.

ನನಗೇ ತಿಳಿಯುವ ಮೊದಲು ನಾನು ಅವರ ಸೈಟಿನೊಳಗೆ ನಿಂತು ಕೂಗುತ್ತಿದ್ದೆ. “ಜಾಲರಿ ಕಟ್ಕೊಂಡಿದೆ! ಆಫ್ ಮಾಡಿ! ಕೈ ಹಾಕ್ಬೇಡಿ, ಬರಿಗೈ ಹಾಕ್ಬೇಡಿ!”

ಮೇಸ್ತ್ರಿ ಬಾಯಿಂದ ಬೀಡಿ ತೆಗೆದು ನನ್ನನ್ನೇ ನೋಡಿದ. “ಯಾಕ್ ಸಾರ್ ಇಷ್ಟ್ ಗಾಬ್ರಿ? ಕೆಸರು ಸಿಕ್ಕಾಕೊಂಡಿದೆ ಅಷ್ಟೇ. ಮೊಣಕಾಲುದ್ದ ನೀರು. ಯಾರೂ ಮುಳುಗೋಗಲ್ಲ ಬಿಡಿ.”

ಅವನ ಜೊತೆಯವರು ನಕ್ಕರು. ನಾನೂ ನಗಲು ನೋಡಿದೆ. ಹಾಲು ತರದೆಯೇ ಹಿಂತಿರುಗಿ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಶೈಲಜಾ ಬಂದು ಒಂದು ಕ್ಷಣ ನನ್ನ ಕೈಗಳನ್ನು ನೋಡಿದಳು. “ಮತ್ತೆ ಅದೇನಾ?” ಎಂದಳು. ಅದೇ ಎಂದೆ. ಅವಳು ಹೆಚ್ಚು ಕೇಳಲಿಲ್ಲ. ನನ್ನ ಹೆಂಡತಿಗೆ ಗೊತ್ತಿದ್ದದ್ದು ಇಷ್ಟು: ನಾಲ್ಕು ವರ್ಷದ ಹಿಂದೆ ಕೆಲಸದ ಮೇಲೆ ಮಂಗಳೂರಿಗೆ ಹೋದಾಗ ನಾನಿದ್ದ ಮರದ ಹಡಗಿಗೆ ನಡುಸಮುದ್ರದಲ್ಲಿ ನೀರು ನುಗ್ಗಿತ್ತು, ಬದುಕಿ ಬಂದೆ. ಉಳಿದ ಅರ್ಧವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆಗ ನಾನು ಕಾಮಾಕ್ಷಿಪಾಳ್ಯದ ಒಬ್ಬ ಕಟ್ಟಡ ಸಾಮಗ್ರಿ ವ್ಯಾಪಾರಿಯ ಬಳಿ ಇಂಜಿನಿಯರ್ ಆಗಿದ್ದೆ. ಸಿವಿಲ್ ಓದಿದವನು. ಮಾಲಿನ ಗುಣಮಟ್ಟ ನೋಡುವುದು ನನ್ನ ಕೆಲಸ. ಧಣಿ ರುದ್ರೇಶಪ್ಪ ದಾವಣಗೆರೆಯ ಕಡೆಯವರು. ರಾಜಾಜಿನಗರದಲ್ಲಿ ಮನೆ, ಹಣೆಯ ಮೇಲೆ ವಿಭೂತಿ, ಮೇಜಿನ ಮೇಲೆ ಮೂರು ಫೋನು. ಲಕ್ಷದ್ವೀಪದಲ್ಲಿ ಕಟ್ಟುತ್ತಿದ್ದ ಒಂದು ಶಾಲೆಗೆ ಸಿಮೆಂಟ್, ಟೈಲ್ಸ್, ಪೈಪು ಒದಗಿಸುವ ಕೆಲಸ ಅವರಿಗೆ ಸಿಕ್ಕಿತ್ತು. ಹಿಂದಿನ ಬೇಸಿಗೆಯಲ್ಲಿ ಕಳಿಸಿದ ಸಿಮೆಂಟಿನಲ್ಲಿ ಅರ್ಧದಷ್ಟು ತೇವ ಕುಡಿದು ಗಟ್ಟಿಯಾಗಿ, ಅಲ್ಲಿನವರು ಅದನ್ನು ವಾಪಸು ಮಾಡಿದ್ದರು.

“ನೋಡಪ್ಪಾ ಗಿರೀಶ,” ಎಂದರು ರುದ್ರೇಶಪ್ಪ. “ಈ ಸಲ ಒಂದು ಚೀಲ ಕಲ್ಲಾಗಿ ಹೋದ್ರೂ ನಮ್ ಹೆಸರು ಹೋಯ್ತು. ಆ ಮರದ ದೋಣಿಯೋರು ಒಳಗೆ ನೀರು ಇಟ್ಕೊಂಡೇ ಮಾಲು ತುಂಬ್ತಾರಂತೆ. ನೀನೇ ಹೋಗು. ಒಣಗಿದ ಜಾಗದಲ್ಲಿ ಹಾಕ್ಸು, ಜೊತೆಗೇ ಹೋಗಿ ಇಳಿಸ್ಕೊಟ್ಟು ಬಾ.”

“ನಂಗೆ ಈಜು ಬರಲ್ಲ ಸಾರ್.”

“ನಿನ್ನ ಈಜೋಕೆ ಕಳಿಸ್ತಾ ಇಲ್ವಲ್ಲೋ. ಸಿಮೆಂಟ್ ನೋಡ್ಕೋ ಅಂತ ಕಳಿಸ್ತಿರೋದು.”

ಹೀಗೆ ಸೆಪ್ಟೆಂಬರಿನ ಮೊದಲ ವಾರ ನಾನು ಮಂಗಳೂರಿನ ಹಳೆ ಬಂದರಿಗೆ ಹೋದೆ. ಮಳೆ ಆಗತಾನೆ ಹಿಂದೆ ಸರಿಯುತ್ತಿತ್ತು. ಹಂಚಿನ ಗೋದಾಮುಗಳ ಗೋಡೆಗಳಲ್ಲಿ ಪಾಚಿ ಇನ್ನೂ ಹಸಿರಾಗಿತ್ತು. ಒಣಮೀನು, ಮೆಣಸಿನಕಾಯಿ, ಈರುಳ್ಳಿ ಕೊಳೆತ ನೀರು ಎಲ್ಲವೂ ಸೇರಿದ ಗಾಳಿ. ಧಕ್ಕೆಯಲ್ಲಿ ಸಾಲಾಗಿ ಮರದ ಹಡಗುಗಳು. ಅಲ್ಲಿಯವರು ಅವನ್ನು ಮಂಜಿ ಎನ್ನುತ್ತಾರೆ. ನಮ್ಮ ಸರಕು ಹೋಗಬೇಕಾದ ಮಂಜಿ ಎಲ್ಲಕ್ಕಿಂತ ಹಳೆಯದು, ಅಗಲವಾದದ್ದು. ಕಟ್ಟಿದಾಗ ಹಾಯಿಯ ಮೇಲೆ ಓಡುತ್ತಿದ್ದದ್ದಕ್ಕೆ ಆಮೇಲೆ ಇಂಜಿನ್ ಕೂರಿಸಿದ್ದರು. ಹಾಯಿಯ ಕಂಬ ಮಾತ್ರ ಉಳಿದಿತ್ತು. ಅದಕ್ಕೆ ಈಗ ಸರಕು ಎತ್ತುವ ಹಗ್ಗ ಕಟ್ಟುತ್ತಿದ್ದರು.

ಅದನ್ನು ನಡೆಸುವ ತಾಂಡೇಲ ಬಾಬಣ್ಣ. ಅರವತ್ತು ದಾಟಿದ ವಯಸ್ಸು, ಬಿಳಿ ಬನಿಯನ್, ಮೊಣಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ. ಮೊದಲ ದಿನವೇ ಅವರು ಮಂಜಿಯ ಬದುಕನ್ನು ನನಗೆ ವರದಿ ಒಪ್ಪಿಸುವ ಹಾಗೆ ಹೇಳಿದರು. ಅವರ ತಂದೆಯ ಕಾಲದಲ್ಲಿ ಅದು ಮಂಗಳೂರು ಹಂಚು ಹೊತ್ತುಕೊಂಡು ತೆಂಕು ಬಡಗು ಕರಾವಳಿಯೆಲ್ಲ ಸುತ್ತಿತ್ತು. ಆಮೇಲೆ ದ್ವೀಪಗಳಿಗೆ. ಜಲ್ಲಿ, ಕಬ್ಬಿಣ, ಅಕ್ಕಿ, ತರಕಾರಿ, ದನ, ಒಂದು ಸಲ ಯಾರದೋ ಮದುವೆಯ ಕಪಾಟು ಮಂಚ. ಬರುವಾಗ ಕೊಬ್ಬರಿ, ತೆಂಗಿನ ಹುರಿ. “ದನ ಒಳ್ಳೆಯದು ಸಾರ್,” ಎಂದರು ಬಾಬಣ್ಣ. “ಮಂಜಿ ವಾಲಿದರೆ ಅವು ಕಾಲು ಅಗಲಿಸಿ ನಿಲ್ತವೆ. ಸಿಮೆಂಟಿಗೆ ಅಷ್ಟು ಬುದ್ಧಿ ಇಲ್ಲ. ಎಲ್ಲಿ ಹಾಕಿದ್ರೆ ಅಲ್ಲೇ ಬಿದ್ದಿರ್ತದೆ.”

ಮಳೆಗಾಲದ ನಾಲ್ಕು ತಿಂಗಳು ಕಡಲು ಬಂದ್. ಆಗ ಮಂಜಿಯನ್ನು ನದಿಯ ದಡಕ್ಕೆ ಎಳೆದು ತೆಂಗಿನ ಗರಿಯ ಮಾಡು ಹೊದಿಸುತ್ತಾರೆ. ಹಲಗೆ ಹಲಗೆಯ ನಡುವಿನ ಸಂದುಗಳಿಂದ ಹಳೆಯ ಹತ್ತಿ ಕಿತ್ತು, ಎಣ್ಣೆಯಲ್ಲಿ ಅದ್ದಿದ ಹೊಸ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಾರೆ. ಮೇಲೆ ರಾಳ, ಅದರ ಮೇಲೆ ಮೀನೆಣ್ಣೆ. ಇಷ್ಟಾದರೂ ದಡದಲ್ಲಿ ಕೂತ ಮರ ಒಣಗಿ ಕುಗ್ಗಿರುತ್ತದೆ. ನೀರಿಗೆ ಇಳಿಸಿದೊಡನೆ ಸರಕು ಹಾಕುವಂತಿಲ್ಲ. ಮೊದಲು ಅದಕ್ಕೆ “ನೀರು ಕುಡಿಸಬೇಕು”. ಹೊರಗೆ ನದಿಯ ನೀರು. ಒಳಗೆ, ಸರಕು ತುಂಬುವ ಹೊಟ್ಟೆಯಲ್ಲಿ, ಬೇಕೆಂದೇ ಪಂಪಿನಿಂದ ಬಿಟ್ಟ ನೀರು. ನೀರು ಮುಟ್ಟದ ಮೇಲಿನ ಹಲಗೆಗಳಿಗೆ ಗೋಣಿ ಹೊದಿಸಿ ಹೊತ್ತು ಹೊತ್ತಿಗೆ ನೆನೆಸುತ್ತಿರಬೇಕು. ಮರ ಉಬ್ಬಿ ಸಂದು ತಾನೇ ಬಿಗಿಯುತ್ತದೆ. ಎಷ್ಟು ದಿನ ಎಂದು ನಾನು ನೋಟ್‌ಬುಕ್ ತೆಗೆದು ಕೇಳಿದೆ.

“ಅದು ಅದಕ್ಕೇ ಗೊತ್ತು,” ಎಂದರು ಬಾಬಣ್ಣ.

ನನ್ನ ಕಣ್ಣಿಗೆ ಕಂಡದ್ದು ಮಾತ್ರ ಬೇರೆ. ನಾಳೆ ನಾಳಿದ್ದು ಸಿಮೆಂಟ್ ತುಂಬಬೇಕಾದ ಜಾಗದಲ್ಲಿ ಮೊಣಕಾಲುದ್ದ ಕಪ್ಪು ನೀರು. ಗೋಡೆಯ ತುಂಬ ತೊಟ್ಟಿಕ್ಕುವ ಗೋಣಿ. ಫೋಟೋ ತೆಗೆದು ರುದ್ರೇಶಪ್ಪನವರಿಗೆ ಕಳಿಸಿದೆ. ಅರ್ಧ ನಿಮಿಷಕ್ಕೆ ಫೋನು ಬಂತು. “ಏನೋ ಇದು, ಬಾವಿನೋ ದೋಣಿನೋ? ಲಾರಿ ಗುರುವಾರ ಬರುತ್ತೆ. ಅಷ್ಟರೊಳಗೆ ಒಣಗ್ಸು.”

ಅದೇ ಹೊತ್ತಿಗೆ ಬಾಬಣ್ಣನ ತಂಗಿಯ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ಎರಡು ದಿನಕ್ಕೆಂದು ಅವರು ಊರಿಗೆ ಹೋದರು. ಹೋಗುವಾಗ ಇಂಜಿನ್ ನೋಡಿಕೊಳ್ಳುವ ಯೂಸುಫನಿಗೆ ಮಂಜಿಯನ್ನು ಒಪ್ಪಿಸಿದರು. ಯೂಸುಫ್ ಮೂವತ್ತರ ಆಸುಪಾಸಿನವನು, ಬಾಯಿ ಜೋರು. ಮಂಜಿಯಲ್ಲಿ ಪ್ರಯಾಣಿಕರನ್ನು ಒಯ್ಯುವಂತಿಲ್ಲವಾದ್ದರಿಂದ ಸಿಬ್ಬಂದಿಯ ಪಟ್ಟಿಯಲ್ಲಿ ನನ್ನನ್ನು ಅಡುಗೆಯವನ ಸಹಾಯಕ ಎಂದು ಬರೆಸಿದ್ದರು. ಅದು ಅವನಿಗೆ ಸಿಕ್ಕಿದ ದೊಡ್ಡ ತಮಾಷೆ. ಮಂಜಿಯಲ್ಲಿ ಅಡುಗೆಯವನಿಗೆ ಭಂಡಾರಿ ಎನ್ನುತ್ತಾರೆ. “ಎಂತ ಭಂಡಾರಿಗಳೇ, ಇವತ್ತು ಮೀನು ಸಾರಾ?” ಎಂದು ಬೆಳಿಗ್ಗೆ ಬೆಳಿಗ್ಗೆ ಶುರುಮಾಡುತ್ತಿದ್ದ.

ನಾನು ಶಾಮಿಯಾನ ಅಂಗಡಿಯಿಂದ ಮೂರು ಕಂಬದ ಫ್ಯಾನು, ನಾಲ್ಕು ಹ್ಯಾಲೊಜೆನ್ ದೀಪ ಬಾಡಿಗೆಗೆ ತಂದಾಗ ಅವನ ತಮಾಷೆ ನಿಂತಿತು.

“ಇದು ಯಾಕೆ ಸಾರ್? ಮದುವೆ ಉಂಟಾ?”

“ಒಳಗಡೆ ಒಣಗ್ಬೇಕು ಯೂಸುಫ್. ನೀರು ಪೂರ್ತಿ ತೆಗ್ಸಿ. ಗೋಣಿ ಕಿತ್ತಾಕ್ಸಿ.”

“ಬಾಬಣ್ಣ ಬರಲಿ. ಇದು ಹಾಗೆಲ್ಲ ಒಣಗಿಸ್ಲಿಕ್ಕೆ ಆಗುದಿಲ್ಲ.”

“ನಾನು ಇಂಜಿನಿಯರ್ ಕಣ್ರೀ. ಏನಾದ್ರೂ ಆದ್ರೆ ನನ್ ಜವಾಬ್ದಾರಿ. ಬರ್ಕೊಡ್ಲಾ?”

ಅವನು ತಲೆ ಕೆರೆದುಕೊಂಡ. ಅವನ ಕಣ್ಣಿಗೆ ನಾನು ಓದಿದವನು, ಸರಕಿನ ಕಡೆಯವನು, ಬೆಂಗಳೂರಿನವನು, ಸಾರ್. ಸ್ವಿಚ್ ಹಾಕಿಕೊಟ್ಟ. ಎರಡು ಹಗಲು ಆ ಫ್ಯಾನುಗಳು ತಿರುಗಿದವು. ಮುಂಭಾಗದ ಎಡಗಡೆಯಿಂದ ಚೀಲ ಜೋಡಿಸಲು ಶುರುಮಾಡಬೇಕೆಂದು ನಾನೇ ನಕ್ಷೆ ಹಾಕಿದ್ದೆ. ಆದ್ದರಿಂದ ಮೂರು ಫ್ಯಾನನ್ನೂ ನಾಲ್ಕು ದೀಪವನ್ನೂ ಆ ಮೂಲೆಗೇ ತಿರುಗಿಸಿದೆ. ಹಲಗೆ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿತು. ಅಂಗೈ ಇಟ್ಟರೆ ಬೆಚ್ಚಗಿತ್ತು. ನನಗೆ ಹೆಮ್ಮೆಯಾಯಿತು. ಅದರ ಫೋಟೋವನ್ನೂ ಕಳಿಸಿದೆ. ರುದ್ರೇಶಪ್ಪನವರು ಹೆಬ್ಬೆರಳಿನ ಚಿತ್ರ ಕಳಿಸಿದರು.

ಖಾಲಿ ಮಂಜಿ ನೀರಿನ ಮೇಲೆ ಎತ್ತರಕ್ಕೆ ನಿಂತಿರುತ್ತದೆ. ತುಂಬಿದ ಮೇಲೆ ಅದು ಕೆಳಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಗಾಳಿಯಲ್ಲಿದ್ದ ಹಲಗೆಗಳು ಆಗ ನೀರಿನೊಳಗೆ ಹೋಗುತ್ತವೆ. ಗೋಣಿ ಹೊದಿಸಿ ನೆನೆಸುತ್ತಿದ್ದದ್ದು ಆ ಹಲಗೆಗಳನ್ನು. ನಾನು ಒಣಗಿಸಿದ್ದೂ ಅವನ್ನೇ. ನಾಲ್ಕು ವರ್ಷ ಕಾಲೇಜಿನಲ್ಲಿ ಮರದ ಗುಣ ಓದಿದವನಿಗೆ ಈ ಎರಡು ಮಾತುಗಳು ಒಟ್ಟಿಗೆ ಹೊಳೆಯಲಿಲ್ಲ.

ಬಾಬಣ್ಣ ಹಿಂತಿರುಗುವ ಹೊತ್ತಿಗೆ ಫ್ಯಾನುಗಳು ಅಂಗಡಿ ಸೇರಿದ್ದವು. ಅವರು ಕೆಳಗಿಳಿದು ಎಡಬದಿಯ ಹಲಗೆಗೆ ಬೆರಳ ಗೆಣ್ಣಿನಿಂದ ಕುಟ್ಟಿದರು. ಇನ್ನೊಮ್ಮೆ ಕುಟ್ಟಿದರು.

“ನೀರು ತೆಗೆದದ್ದಿರಲಿ, ಇಷ್ಟು ಒಣಗಿದ್ದು ಹೇಗೆ?”

ಯೂಸುಫ್ ನನ್ನ ಮುಖ ನೋಡಿದ. ನಾನು ಹೇಳಿದೆ, “ಎರಡ್ ದಿನ ಬಿಸಿಲು ಚೆನ್ನಾಗಿತ್ತು ಬಾಬಣ್ಣ.”

ಯೂಸುಫ್ ಸುಮ್ಮನಿದ್ದ. ಒಪ್ಪಿಸಿಹೋದ ಮಂಜಿಯಲ್ಲಿ ಬೇರೆಯವರ ಮಾತು ನಡೆಸಿಕೊಟ್ಟವನು ಅವನು, ಅವನಿಗೂ ಭಯವಿತ್ತು. ಬಾಬಣ್ಣ ಇನ್ನೆರಡು ದಿನ ತಡೆಯೋಣ ಎಂದರು. ಲಾರಿಗಳು ಬಂದು ನಿಂತಿದ್ದವು. ಮಂಜಿಯ ಮಾಲೀಕರ ಫೋನು, ರುದ್ರೇಶಪ್ಪನವರ ಫೋನು. ಮೋಡ ಬೇರೆ ಕಟ್ಟುತ್ತಿತ್ತು. ಕೊನೆಗೆ ಅವರು ತಲೆಯಾಡಿಸಿದರು. ಅವರ ಲೆಕ್ಕದಂತೆ ಬುಧವಾರ ಹೋಗಬೇಕಾದವರು ಸೋಮವಾರ ಮಧ್ಯಾಹ್ನವೇ, ನದಿ ಕಡಲು ಸೇರುವ ಅಳಿವೆ ದಾಟಿದೆವು. ಮಂಜಿಯಲ್ಲಿ ನನ್ನನ್ನೂ ಸೇರಿಸಿ ಎಂಟು ಜನ.

ಮೊದಲ ಸಂಜೆ ನಾನು ವಾಂತಿ ಮಾಡಿಕೊಂಡು ಮಲಗಿದ್ದೆ. ಮರದ ಹಡಗು ಸುಮ್ಮನೆ ಇರುವುದಿಲ್ಲ. ಕಿರುಗುಡುತ್ತದೆ, ನರಳುತ್ತದೆ, ಎಲ್ಲೋ ಒಂದು ಕಡೆ ಬಾಗಿಲು ತೆಗೆದಂತೆ ಸದ್ದು ಮಾಡುತ್ತದೆ. ಅದು ಸದ್ದು ಮಾಡುತ್ತಿರುವಷ್ಟು ಹೊತ್ತು ಹೆದರಬೇಡಿ ಎಂದು ಬಾಬಣ್ಣ ಹೇಳಿದ್ದರು. ಬೆಳಿಗ್ಗೆ ಎದ್ದಾಗ ಬಿಸಿಲು ಬಂದಿತ್ತು, ಸುತ್ತ ಎಲ್ಲೂ ದಡವಿರಲಿಲ್ಲ. ಅಡುಗೆಯವರು ಕೊಟ್ಟ ಚಹಾ ಕುಡಿಯುತ್ತಿದ್ದೆ. ಆಗ ಪಂಪಿನ ಸದ್ದು ಬದಲಾಯಿತು.

ಮರದ ಹಡಗಿಗೆ ಸ್ವಲ್ಪ ನೀರು ಬರುವುದು ಸಹಜ. ಇಂಜಿನ್ನಿಗೆ ಜೋಡಿಸಿದ ಪಂಪು ಅದನ್ನು ಹೊರಹಾಕುತ್ತಿರುತ್ತದೆ. ಅವತ್ತು ಬೆಳಿಗ್ಗೆ ಆ ಪಂಪು ನೀರಿನ ಬದಲು ಬೂದುಬಣ್ಣದ ಗಂಜಿ ಕಾರಿತು. ಕೆಳಗಿನ ಸಾಲಿನ ಚೀಲಗಳು ನೆನೆದು, ಒಡೆದು, ಸಿಮೆಂಟು ಕರಗಿ ಪಂಪಿನ ಬಾಯಿಯ ಜಾಲರಿಗೆ ಮೆತ್ತಿಕೊಳ್ಳುತ್ತಿತ್ತು. ಯೂಸುಫ್ ಇಂಜಿನ್ ಕೋಣೆಯ ತಳದಲ್ಲಿ ಎದೆ ಊರಿ ಮಲಗಿ ಜಾಲರಿಗೆ ಕೈ ಹಾಕಿದ. ತೆಗೆದಷ್ಟೂ ಮೆತ್ತಿಕೊಂಡಿತು. ಕೈ ತೆಗೆದರೆ ಪಂಪು ನಿಲ್ಲುತ್ತಿತ್ತು. ಹಾಗಾಗಿ ಅವನು ಕೈ ತೆಗೆಯಲಿಲ್ಲ.

“ಹಿಂದಿನ ಪ್ರೊಪೆಲ್ಲರ್ ಪಂಖದ ಹತ್ತಿರದಿಂದ ಬರ್ತದಾ ನೋಡು!” ಎಂದು ಬಾಬಣ್ಣ ಮೇಲಿನಿಂದ ಕೂಗಿದರು.

“ಇಲ್ಲ ಬಾಬಣ್ಣ! ಮುಂದಿನಿಂದ ಹರಿದು ಬರ್ತಾ ಉಂಟು!” ಇಂಜಿನ್ನಿನ ಸದ್ದಿನಲ್ಲಿ ಅಷ್ಟು ಕೇಳಿಸಿತು. ಆಮೇಲೆ ಅವನಿಗೆ ನಮ್ಮ ಮಾತು, ನಮಗೆ ಅವನ ಮಾತು ಕೇಳಿಸಲಿಲ್ಲ.

ಮಂಜಿಯನ್ನು ಹಗುರ ಮಾಡಬೇಕು ಎಂದರು ಬಾಬಣ್ಣ. ಹಾಯಿಕಂಬದ ಬುಡದಲ್ಲಿ ಸರಕಿನ ಹೊಟ್ಟೆಗೆ ಇಳಿಯುವ ಬಾಗಿಲು ತೆಗೆದು ಚೀಲಗಳನ್ನು ಕಡಲಿಗೆ ಎಸೆಯತೊಡಗಿದೆವು. ಅಲೆ ಎಡಗಡೆಯಿಂದ ಹೊಡೆಯುತ್ತಿತ್ತು, ಬಲಗಡೆ ಶಾಂತವಿತ್ತು. ಬಲಗಡೆಯ ಚೀಲಗಳೇ ಕೈಗೆ ಹತ್ತಿರವಿದ್ದವು. ಆದ್ದರಿಂದ ಬಲಗಡೆಯದನ್ನೇ ತೆಗೆದು ಬಲಗಡೆಗೇ ಎಸೆದೆವು. ಸಾಲಿನಲ್ಲಿ ನಾನು ಮೂರನೆಯವನು. ಹಿಂದಿನವನಿಂದ ಚೀಲ ತಗೊಂಡು ಮುಂದಿನವನಿಗೆ ಕೊಡುವುದು. ನಾನೇ ಪರೀಕ್ಷಿಸಿ ಸಹಿ ಹಾಕಿದ್ದ ಚೀಲಗಳು.

ಬಲಗಡೆ ಹಗುರವಾದಂತೆ ಮಂಜಿ ಎಡಕ್ಕೆ ವಾಲಿತು. ಮೊದಲು ಚಹಾದ ಲೋಟ ಜಾರಿತು. ಆಮೇಲೆ ನನ್ನ ಎಡಗಾಲಿಗೆ ಭಾರ ಹೆಚ್ಚಾದದ್ದು ಗೊತ್ತಾಯಿತು.

ಆ ಕ್ಷಣ ನನಗೆ ತಿಳಿಯಿತು. ನೀರು ಎಡಬದಿಯ ಮುಂಭಾಗದಿಂದ ಬರುತ್ತಿದೆ. ನಾವು ಬಲಗಡೆ ಖಾಲಿ ಮಾಡಿದಷ್ಟೂ ಆ ಹಲಗೆಗಳು ಇನ್ನೂ ಆಳಕ್ಕೆ ಹೋಗುತ್ತಿವೆ. ಗಣಿತದ ಹಾಗೆ ಸ್ಪಷ್ಟವಾಗಿ ತಿಳಿಯಿತು. ಹೇಳಬೇಕಾದದ್ದು ಎರಡೇ ಮಾತು. ಆದರೆ ಆ ಎರಡು ಮಾತು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಹೇಗೆ ಗೊತ್ತು, ಯಾರು ಒಣಗಿಸಿದ್ದು, ಬಿಸಿಲು ಎಂದು ಸುಳ್ಳು ಹೇಳಿದ್ದು ಯಾಕೆ.

ನಾನು ಚೀಲ ತಗೊಂಡೆ. ಮುಂದಿನವನಿಗೆ ಕೊಟ್ಟೆ. ಇನ್ನೊಂದು ತಗೊಂಡೆ.

ಬಾಬಣ್ಣ ಒಂದು ಉದ್ದನೆಯ ಕೋಲು ಹಿಡಿದು ಹೊಟ್ಟೆಯೊಳಗೆ ಇಳಿದರು. ಕೋಲಿನ ಒಂದು ತುದಿಯನ್ನು ಹಲಗೆಗೂ ಇನ್ನೊಂದು ತುದಿಯನ್ನು ಕಿವಿಗೂ ಒತ್ತಿ ನೀರು ಎಲ್ಲಿ ಹರಿಯುತ್ತಿದೆಯೆಂದು ಆಲಿಸಿದರು. ಇಂಜಿನ್ನಿನ ನಡುಕದಲ್ಲಿ ಏನೂ ಸಿಗಲಿಲ್ಲ. ಇಂಜಿನ್ ನಿಲ್ಲಿಸಿದರೆ ಪಂಪೂ ನಿಲ್ಲುತ್ತದೆ. ಸೊಂಟದವರೆಗಿನ ಬೂದು ನೀರಿನಲ್ಲಿ ನಿಂತು ಅವರು ತಮ್ಮಷ್ಟಕ್ಕೇ ಅನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. “ಸರಿಯಾಗಿ ಕುಡಿಸಿದ್ದೆನಲ್ಲ. ಒಳ್ಳೆ ಕುಡಿಸಿದ್ದೆನಲ್ಲ. ಎಂತ ಆಯ್ತು ನಿನಗೆ?”

ಮನುಷ್ಯರಿಗೆ ಕೇಳುವ ಹಾಗೆ ಮರಕ್ಕೆ ಕೇಳುತ್ತಿದ್ದರು.

ನಾನು ಇನ್ನೊಂದು ಚೀಲ ತಗೊಂಡೆ. ಎಷ್ಟು ಚೀಲ? ಎಷ್ಟು ಹೊತ್ತು? ಇವತ್ತಿಗೂ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ನಿಂತಾಗ, ಬೋಗಿ ತಿರುವಿನಲ್ಲಿ ಸ್ವಲ್ಪ ವಾಲಿದರೂ ಸಾಕು, ನಾನು ಆ ಚೀಲಗಳನ್ನು ಮತ್ತೆ ಕೈಯಿಂದ ಕೈಗೆ ದಾಟಿಸುತ್ತೇನೆ. ಒಮ್ಮೊಮ್ಮೆ ಐದಕ್ಕೆ ನಿಲ್ಲಿಸುತ್ತೇನೆ. ಒಮ್ಮೊಮ್ಮೆ ಅವು ಮುಗಿಯುವುದೇ ಇಲ್ಲ.

ನಾನು ಧೈರ್ಯದಿಂದ ಬಾಯಿ ಬಿಟ್ಟೆ ಎಂದು ಬರೆಯಬಹುದು. ಹಾಗಾಗಲಿಲ್ಲ. ಒಂದು ದೊಡ್ಡ ಅಲೆ ಎಡಗಡೆಯ ಅಂಚಿನ ಮೇಲಿಂದ ಒಳಗೆ ಬಿತ್ತು. ಮಂಜಿ ವಾಲಿದ್ದು ವಾಲಿದ ಹಾಗೇ ನಿಂತಿತು, ಬಹಳ ಹೊತ್ತು ಮೇಲೇಳಲಿಲ್ಲ. ನನಗೆ ಈಜು ಬರುವುದಿಲ್ಲ. ಸಾವಿನ ಭಯ ನಾಚಿಕೆಗಿಂತ ದೊಡ್ಡದಾಯಿತು, ಅಷ್ಟೇ.

“ಬಾಬಣ್ಣಾ! ಎಡಗಡೆ! ಎಡಗಡೆ ಮುಂದ್ಗಡೆ!” ಎಂದು ಕೂಗಿದೆ. “ಫ್ಯಾನ್ ಇಟ್ಟು ಒಣಗಿಸ್ದೆ. ನಾನೇ. ಎರಡು ದಿನ, ಅಲ್ಲೇ, ಮೇಲಿನ ಹಲಗೆ!”

ಅವರು ತಲೆಯೆತ್ತಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ಒಂದು ಬಗೆಯ ಸಮಾಧಾನ. ಕಾಯಿಲೆಯ ಹೆಸರು ಗೊತ್ತಾದವರ ಹಾಗೆ.

“ನಿಲ್ಲಿಸಿ!” ಎಂದು ಸಾಲಿನವರಿಗೆ ಕೂಗಿದರು. “ಬಲಗಡೆಯದು ಒಂದೂ ಮುಟ್ಟಬೇಡಿ. ಎಡಗಡೆಯದು ತೆಗೀರಿ. ಅರ್ಧ ಕಡಲಿಗೆ, ಅರ್ಧ ಬಲಗಡೆಗೆ. ಮಂಜಿಯನ್ನು ಬಲಕ್ಕೆ ಮಲಗಿಸುವ.”

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಎದುರುಗಾಳಿಗೆ ಸಿಮೆಂಟು ಹಾರಿ ಕಣ್ಣು ಉರಿದದ್ದು. ನನ್ನ ಮುಂದಿನವನು ಅಳುತ್ತ ಎಸೆಯುತ್ತಿದ್ದದ್ದು. ನಿಧಾನವಾಗಿ, ಮುದುಕಿ ಮಗ್ಗುಲು ಬದಲಿಸುವಂತೆ, ಮಂಜಿ ನೇರವಾಗಿ, ಆಮೇಲೆ ಬಲಕ್ಕೆ ವಾಲಿ, ಎಡಬದಿಯ ಹಲಗೆಗಳು ಒಂದೊಂದಾಗಿ ನೀರಿನಿಂದ ಮೇಲಕ್ಕೆ ಬಂದದ್ದು. ಸಂದುಗಳಿಂದ ನೀರು ಈಗ ಹೊರಕ್ಕೆ ಸುರಿಯುತ್ತಿತ್ತು. ಇನ್ನೂ ಮುಳುಗಿದ್ದ ಒಂದು ಸಂದಿಗೆ ಬಾಬಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಡಲಿಗಿಳಿದರು. ಮರ ಕೊಯ್ದ ಹುಡಿ ತುಂಬಿದ ಚೀಲವೊಂದನ್ನು ನೀರಿನೊಳಗೆ ಆ ಸಂದಿನ ಮುಂದೆ ಬಿಚ್ಚಿದರು. ಒಳಗೆ ನುಗ್ಗುವ ನೀರೇ ಹುಡಿಯನ್ನು ಎಳೆದುಕೊಂಡು ಹೋಗಿ ಸಂದಿನಲ್ಲಿ ಸಿಕ್ಕಿಸಿತು, ಹುಡಿ ಉಬ್ಬಿತು. ಅಷ್ಟು ಸರಳ. ಅವರು ಮೂರು ಸಲ ಮುಳುಗಿ ಎದ್ದರು. ಮೂರನೆಯ ಸಲ ಹಗ್ಗ ಹಿಡಿದವರು ಎಳೆದು ಮೇಲೆ ಹಾಕಬೇಕಾಯಿತು.

ಪಂಪಿನ ನೀರು ತಿಳಿಯಾದ ಮೇಲೆ ಯೂಸುಫನನ್ನು ಮೇಲಕ್ಕೆ ಕರೆತಂದರು. ಅವನ ಬಲಗೈ ಮೊಣಕೈಯವರೆಗೆ ಬೆಳ್ಳಗಿತ್ತು. ಸಿಹಿನೀರಿನಲ್ಲಿ ತೊಳೆದಾಗ ಸಿಮೆಂಟಿನ ಜೊತೆ ಚರ್ಮವೂ ಬಂತು. ಸಿಮೆಂಟು ಕೈ ಸುಡುತ್ತದೆಂಬುದು ನನಗೆ ಗೊತ್ತಿದ್ದ ವಿಷಯ. ಪರೀಕ್ಷೆಯಲ್ಲಿ ಬರೆದ ವಿಷಯ. ಅವನು ನನ್ನನ್ನು ನೋಡಿ ನಗಲು ಪ್ರಯತ್ನಿಸಿದ. “ಭಂಡಾರಿಗಳೇ, ಇವತ್ತು ಊಟ ಬಾಯಿಗೆ ಹಾಕುವ ಕೆಲಸ ನಿಮ್ಮದು ಮತ್ತೆ,” ಎಂದ.

ಬಲಕ್ಕೆ ವಾಲಿಕೊಂಡೇ ಹಿಂತಿರುಗಿ ಮಾರನೆಯ ದಿನ ಅಳಿವೆ ಸೇರಿದೆವು. ಬಂದರಿನ ಕಚೇರಿಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಬಾಬಣ್ಣ ಕೈಕಟ್ಟಿ ನಿಂತು, “ಹಳೆ ಮರ ಸಾರ್. ಪ್ರಾಯ ಆಯ್ತು ಅದಕ್ಕೆ. ಸಂದು ಬಿಟ್ಟಿತು,” ಎಂದರು. ಅಧಿಕಾರಿ ಪಟ್ಟಿ ನೋಡಿ ನನ್ನತ್ತ ತಿರುಗಿದರು.

“ನೀನು ಅಡುಗೆ ಕಡೆಯವನಾ? ನೀನೇನಾದ್ರೂ ನೋಡಿದ್ಯಾ?”

“ಇಲ್ಲ ಸಾರ್,” ಎಂದೆ.

ಹೊರಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದಿರೆಂದು ಬಾಬಣ್ಣನನ್ನು ಕೇಳಿದೆ. ಅವರು ನನ್ನ ಕಡೆ ನೋಡದೆ ಧಕ್ಕೆಯ ಕಡೆ ನೋಡುತ್ತ ಹೇಳಿದರು. “ನೀರು ಕುಡಿಸುವಾಗ ತಾಂಡೇಲ ಮಂಜಿ ಬಿಟ್ಟು ಹೋಗುವ ಕ್ರಮ ಇಲ್ಲ. ನಾನು ಹೋದೆ. ನಿಮ್ಮ ಹೆಸರು ಹೇಳಿದರೆ ಸಿಬ್ಬಂದಿಯಲ್ಲದವರನ್ನು ಹತ್ತಿಸಿದ್ದೂ ಹೇಳಬೇಕು. ಏಳು ಜನರ ಅನ್ನ ಉಂಟು. ಮಂಜಿಗೆ ಬಾಯಿ ಇಲ್ಲ ನೋಡಿ. ಅದರ ಮೇಲೆ ಹಾಕಿದೆ.”

ಮಂಜಿಗೆ ಮತ್ತೆ ಪರವಾನಗಿ ಸಿಗಲಿಲ್ಲ. ಸಮುದ್ರಕ್ಕೆ ಯೋಗ್ಯವಲ್ಲ ಎಂದು ಬರೆದರು. ಮುಂದಿನ ಬೇಸಿಗೆಯಲ್ಲಿ ದಡದಲ್ಲಿ ಅದನ್ನು ಬಿಚ್ಚಿದರು ಎಂದು ಆಮೇಲೆ ಕೇಳಿದೆ. ಕೀಲು ಕೀಲು ಬಿಡಿಸುವಾಗ ಒಳಗಿನ ಮರ ಎಣ್ಣೆ ಬಿಟ್ಟುಕೊಂಡು ಹೊಳೆಯುತ್ತಿತ್ತಂತೆ. ರುದ್ರೇಶಪ್ಪನವರು ವಿಮೆಯವರಿಗೆ ಕಾಗದ ಬರೆಯಲು ನನ್ನನ್ನು ಕೂರಿಸಿಕೊಂಡರು. ನಾನು ಒಳ್ಳೆಯ ಭಾಷೆಯಲ್ಲಿ ಬರೆದುಕೊಟ್ಟೆ. ಮೂರು ತಿಂಗಳಿಗೆ ಆ ಕೆಲಸ ಬಿಟ್ಟೆ.

ಪಕ್ಕದ ಸೈಟಿನಲ್ಲಿ ನಾನು ಕೂಗಾಡಿದ ಮೂರು ವಾರಕ್ಕೆ ಬಾಬಣ್ಣನ ಫೋನು ಬಂತು. ಅವರ ಮಗಳು ಅಳಿಯ ಲಗ್ಗೆರೆಯಲ್ಲಿದ್ದಾರೆ. ಅಳಿಯನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಕಣ್ಣಿನ ಪೊರೆ ತೆಗೆಸಲು ಬಂದಿದ್ದರಂತೆ. ಭಾನುವಾರ ಆಟೋ ಮಾಡಿಕೊಂಡು ಕುರುಬರಹಳ್ಳಿ ದಾರಿಯಾಗಿ ಅವರನ್ನು ಮನೆಗೆ ಕರೆತಂದೆ. ಕಪ್ಪು ಕನ್ನಡಕ ಹಾಕಿದ್ದರು. ಅವರ ಕಣ್ಣು ನನಗೆ ಕಾಣದ್ದರಿಂದ ಏನನ್ನು ಯೋಚಿಸುತ್ತಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ. ದಾರಿಯುದ್ದಕ್ಕೂ ಬೆಂಗಳೂರಿನ ಮೀನಿನ ರೇಟನ್ನು ಬೈದರು.

ಶೈಲಜಾ ಉಪ್ಪಿಟ್ಟು, ಕಾಫಿ ಕೊಟ್ಟು ಎದುರಿಗೆ ಕೂತಳು. “ಅಂಕಲ್, ಇವ್ರು ನಿದ್ದೇಲಿ ಬೆಚ್ಚಿಬೀಳ್ತಾರೆ. ಕೇಳಿದ್ರೆ ಪೂರ್ತಿ ಹೇಳೋದೇ ಇಲ್ಲ. ನೀವಾದ್ರೂ ಹೇಳಿ. ಅವತ್ತು ಯಾಕ್ ನೀರು ಬಂತು?”

ಬಾಬಣ್ಣ ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. ಕಾದರು.

“ಹಳೇ ದೋಣಿ ಕಣೇ,” ಎಂದೆ. ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. “ಮರ ಹಳೇದಾಗ್ಬಿಟ್ಟಿತ್ತು.”

ಅವರು ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

“ಮರ ಹಳತಾಗಿರಲಿಲ್ಲ ಅಮ್ಮ,” ಎಂದರು. “ಅದು ಆಫೀಸರಿಗೆ ನಾನು ಹೇಳಿದ ಮಾತು. ಒಂದು ಸಲ ಹೇಳಿದೆ, ಆ ಪಾಪ ನನ್ನದು. ಈ ಮನೆಯಲ್ಲಿ ಅದನ್ನು ಪುನಃ ಹೇಳುವುದು ಬೇಡ. ನನ್ನ ಮೊಮ್ಮಕ್ಕಳ ಕಾಲಕ್ಕೂ ಓಡುವ ಮರ ಅದು.”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಶೈಲಜಾಳಿಗೆ ಹೇಳತೊಡಗಿದೆ. ಶಾಮಿಯಾನ ಅಂಗಡಿಯಿಂದ ಶುರುಮಾಡಿದೆ. ಬಿಸಿಲು ಚೆನ್ನಾಗಿತ್ತು ಎಂದದ್ದು, ಬಲಗಡೆಯ ಚೀಲಗಳು, ಎಡಗಾಲಿಗೆ ಬಂದ ಭಾರ, ಗೊತ್ತಿದ್ದೂ ಚೀಲ ದಾಟಿಸಿದ್ದು. ಅವಳು ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದಳು.

“ಗೊತ್ತಾದ್ಮೇಲೂ ಎಷ್ಟ್ ಹೊತ್ತು ಸುಮ್ನಿದ್ರಿ?” ಎಂದು ಕೇಳಿದಳು.

“ಐದ್ ನಿಮಿಷ ಇರ್ಬೋದು.”

ಅವಳು ಬಾಬಣ್ಣನ ಕಡೆ ತಿರುಗಿದಳು. “ಹೌದಾ ಅಂಕಲ್?”

“ನಾನು ಗಡಿಯಾರ ನೋಡಿದವನಲ್ಲ ಅಮ್ಮ,” ಎಂದರು ಬಾಬಣ್ಣ. “ಅದು ಯೂಸುಫನಿಗೆ ಕೇಳಬೇಕು. ಅಷ್ಟೂ ಹೊತ್ತು ಅವನ ಕೈ ಜಾಲರಿಯಲ್ಲಿತ್ತು. ಈಗ ಧಕ್ಕೆಯ ಹತ್ತಿರ ಚಹಾ ಅಂಗಡಿ ಇಟ್ಟಿದ್ದಾನೆ. ಬೆರಳು ಮಡಚುದಿಲ್ಲ, ಇಂಜಿನ್ನಿನ ಕೆಲಸ ಆಗುದಿಲ್ಲ ಅವನಿಗೆ.” ಆಮೇಲೆ ನನ್ನನ್ನು ಕೇಳಿದರು. “ಅವನ ನಂಬ್ರ ಉಂಟಾ ನಿಮ್ಮಲ್ಲಿ?”

ಇತ್ತು. ನಾಲ್ಕು ವರ್ಷದಿಂದಲೂ ಇತ್ತು.